ಹನ್ನೊಂದರಲ್ಲಿ ಒಬ್ಬರು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಫೋನಕ್ಕ ಎಂದು. ಅವಳಿಗೂ ಒಂದು ಹೆಸರಿತ್ತು, ಇಲ್ಲವೆಂದಲ್ಲ. ಅದು ತಿಂಗಳಿಗೊಮ್ಮೆ ಸಂಬಳದ ಚೀಟಿಯ ಮೇಲೆ ಕಾಣಿಸಿಕೊಂಡು ಮಾಯವಾಗುತ್ತಿತ್ತು. ಆ ಕ್ಯಾನ್ಸರ್ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೋದವರಿಗೆ ಆರು ತಿಂಗಳಿಗೊಮ್ಮೆ ಫೋನ್ ಮಾಡಬೇಕು, ಅವರು ಇದ್ದಾರೋ ಇಲ್ಲವೋ ತಿಳಿದುಕೊಳ್ಳಬೇಕು, ಫೈಲಿನಲ್ಲಿ ಬರೆದಿಡಬೇಕು.

ಕೇಳಿದವರು ಇದೆಂಥ ಕೆಲಸವಪ್ಪಾ ಎನ್ನುತ್ತಿದ್ದರು. ಆದರೆ ಯಾವ ಮದ್ದು ಕೊಟ್ಟವರು ಎಷ್ಟು ದಿನ ಬದುಕಿದರು ಎಂಬ ಲೆಕ್ಕ ಸಿಗದಿದ್ದರೆ ಎಷ್ಟು ದೊಡ್ಡ ಡಾಕ್ಟರಾದರೂ ಕಣ್ಣುಮುಚ್ಚಿ ಕಲ್ಲೆಸೆಯುವುದೇ ಸೈ. ನರ್ಸುಗಳು ಅವಳನ್ನು ಚಿತ್ರಗುಪ್ತನ ಅಕ್ಕ ಎಂದು ಕಾಡಿಸುತ್ತಿದ್ದರು. "ಅವನು ಬರೆದಿಟ್ಟು ಆಮೇಲೆ ಕರೀತಾನೆ ಕಣ್ರೇ, ನಾನು ಕರೆದು ಆಮೇಲೆ ಬರೀತೀನಿ. ನಮ್ಮಿಬ್ಬರಿಗೂ ಆಗಿಬರಲ್ಲ" ಎಂದು ಅವಳು ತಲೆಯೆತ್ತದೆ ಹೇಳುತ್ತಿದ್ದಳು.

ಕೇಳುವುದಕ್ಕೂ ಅವಳದೇ ಒಂದು ಕ್ರಮವಿತ್ತು. ಕಾಯಿಲೆಯವರ ಹೆಸರು ಹಿಡಿದು "ಇದ್ದಾರಾ?" ಎಂದು ಅವಳು ಒಂದು ದಿನವೂ ಕೇಳಿದವಳಲ್ಲ. ಬೆಳಿಗ್ಗೆ ಹತ್ತರ ಮೊದಲು ಯಾರ ಮನೆಗೂ ಫೋನ್ ಮಾಡುತ್ತಿರಲಿಲ್ಲ, ಅಡುಗೆಮನೆಯ ಗಡಿಬಿಡಿಯಲ್ಲಿ ಅಂಥ ಮಾತು ಬೇಡವೆಂದು. "ಆಸ್ಪತ್ರೆಯಿಂದ ಮಾತಾಡ್ತಾ ಇದ್ದೀನಿ, ಮನೇಲಿ ಎಲ್ಲರೂ ಹೇಗಿದ್ದೀರಿ?" ಎಂದಷ್ಟೇ ಕೇಳಿ ಸುಮ್ಮನಾಗುತ್ತಿದ್ದಳು. ಕಾಯಿಲೆಯವರು ಬದುಕಿದ್ದರೆ ಕೂಡಲೇ ದೂರು ಶುರುವಾಗುತ್ತಿತ್ತು: ಊಟ ಸೇರಲ್ಲ, ಮಾತ್ರೆ ನುಂಗಲ್ಲ, ಹೇಳಿದ ಮಾತು ಕೇಳಲ್ಲ. ಹೋಗಿಬಿಟ್ಟಿದ್ದರೆ ಆ ಕಡೆಯವರು ಮೊದಲು ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. ಆ ಉಸಿರು ಕಿವಿಗೆ ಬಿದ್ದ ಕೂಡಲೇ ಅವಳು ಪೆನ್ನು ಕೆಳಗಿಟ್ಟು, "ಹೇಳಿ, ನಂಗೇನೂ ಆತುರ ಇಲ್ಲ" ಎನ್ನುತ್ತಿದ್ದಳು. ಎಷ್ಟೋ ಮನೆಯವರು ಮುಕ್ಕಾಲು ಗಂಟೆ ಹೇಳುತ್ತಿದ್ದರು. ನೆಂಟರ ಮುಂದೆ ಹೇಳಲಾಗದ್ದನ್ನೆಲ್ಲ ಮುಖ ಕಾಣದ ಈ ಹೆಂಗಸಿನ ಮುಂದೆ ಹೇಳಿ ಅಳುತ್ತಿದ್ದರು.

ಅವಳು ಅಳು ಕೇಳಿಸಿಕೊಂಡು ಸುಮ್ಮನೆ ಕೂರುವವಳೂ ಅಲ್ಲ. ಕೊನೆಯ ವಾರದಲ್ಲಿ ನೋವಿನ ಮದ್ದು ಸಿಗಲೇ ಇಲ್ಲ ಎಂದು ನಲವತ್ತು ಮನೆಗಳಿಂದ ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟು ಬಂದಿದ್ದಳು. ಕಾಯಿಲೆಯವರ ಮನೆಗೇ ನರ್ಸನ್ನು ಕಳಿಸುವ ಏರ್ಪಾಟು ಆದದ್ದು ಅದರಿಂದ. ಜೊತೆಗಾರರ ಫೋನ್ ಎಂಬುದನ್ನು ಶುರುಮಾಡಿದ್ದೂ ಅವಳೇ. ಹೊಸದಾಗಿ ಕಾಯಿಲೆ ಗೊತ್ತಾಗಿ ಕೈಕಾಲು ಬಿಟ್ಟುಕೊಂಡು ಕೂತವರಿಗೆ, ಅದೇ ಕಾಯಿಲೆ ದಾಟಿ ಬಂದ ಹಳಬರೊಬ್ಬರನ್ನು ಫೋನಿನಲ್ಲಿ ಮಾತಾಡಿಸುವುದು. ಯಾರ ಮಾತು ಯಾರಿಗೆ ಹಿಡಿಸುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಅವಳ ಕೋಣೆಗೊಂದು ಕಟ್ಟುಪಾಡಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಕ್ಕದ ಬೀದಿಯವರು ಯಾರೋ ಹೇಳಿದ್ದನ್ನು ನಂಬಿ ಛತ್ರಿ ರಿಪೇರಿ ಮಾಡುವ ಒಬ್ಬನನ್ನು ತೀರಿಕೊಂಡವರ ಪಟ್ಟಿಗೆ ಸೇರಿಸಿಬಿಟ್ಟಿದ್ದಳು. ಆಸ್ಪತ್ರೆಯಿಂದ ಸಂತಾಪದ ಕಾಗದ ಹೋಯಿತು. ಮೂರನೆಯ ದಿನ ಆತ ಕಾಗದ ಹಿಡಿದುಕೊಂಡು ತಾನೇ ಬಂದ. "ನಾನು ಸತ್ತಿದ್ದು ನಂಗೇ ಗೊತ್ತಿರ್ಲಿಲ್ಲ ತಾಯಿ. ಕಾಗದ ಹಾಕಿ ತಿಳಿಸಿದ್ರಿ, ದೊಡ್ಡ ಉಪಕಾರ ಆಯ್ತು" ಎಂದ. ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತ್ತು ಅವಳಿಗೆ. ಅಂದಿನಿಂದ ಮನೆಯವರ ಬಾಯಿಂದ ಕೇಳದೆ ಯಾರದ್ದೇ ಸಾವನ್ನು ಬರೆಯಕೂಡದು ಎಂದು ಗೋಡೆಗೆ ಚೀಟಿ ಅಂಟಿಸಿದಳು. ಆಮೇಲೆ ಬಂದ ಡಾಕ್ಟರುಗಳೆಲ್ಲ ಅವಳು ಬರೆದದ್ದನ್ನು ಕಣ್ಣಿಗೊತ್ತಿಕೊಂಡು ನಂಬಿದರು.

ಇಷ್ಟು ಕಟ್ಟುನಿಟ್ಟಿನ ಹೆಂಗಸು ತನ್ನ ಒಡಹುಟ್ಟಿದ ತಂಗಿಯ ಫೈಲಿನಲ್ಲಿ ಐದು ಸಲ ಸುಳ್ಳು ಬರೆದಳು. ಇದನ್ನು ಮುಚ್ಚಿಟ್ಟು ಆಮೇಲೆ ಬಿಚ್ಚುವುದರಲ್ಲಿ ಅರ್ಥವಿಲ್ಲ, ಈಗಲೇ ಹೇಳಿಬಿಟ್ಟರೆ ಒಳ್ಳೆಯದು.

ತಂಗಿ ಅವಳಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ತಾಯಿ ಹಾಸಿಗೆ ಹಿಡಿದ ಮೇಲೆ ಅವಳನ್ನು ಎತ್ತಿ ಆಡಿಸಿ, ಜಡೆ ಹಾಕಿ, ಮೂಗು ಒರೆಸಿ, ಎರಡೇಟು ಕೊಟ್ಟು ಓದಿಸಿದವಳು ಇವಳೇ. ಇವಳು ಮದುವೆಯಾಗಲಿಲ್ಲ, ತಂಗಿಯೂ ಆಗಲಿಲ್ಲ. ತಂಗಿಗೆ ಇನ್ನೊಂದು ಊರಿನ ಅಂಚೆ ಕಚೇರಿಯಲ್ಲಿ ಕೆಲಸ. ಬಾಯಿ ಬಲು ಜೋರು. "ನೀನು ಸತ್ತವರ ಲೆಕ್ಕ ಬರೀ, ನಾನು ಬದುಕಿದ್ದವರ ಕಾಗದಕ್ಕೆ ಮುದ್ರೆ ಹೊಡೀತೀನಿ" ಎಂದು ಅಕ್ಕನನ್ನು ರೇಗಿಸುತ್ತಿದ್ದಳು. ಅವಳ ಪಿತ್ತಕೋಶದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಗುವ ಹೊತ್ತಿಗೆ ಅದು ಲಿವರಿಗೂ ಹರಡಿತ್ತು. ಆಗಿನ ದೊಡ್ಡ ಡಾಕ್ಟರು ಒಂದು ಹೊಸ ಮದ್ದಿನ ಪ್ರಯೋಗ ನಡೆಸುತ್ತಿದ್ದರು. ಹನ್ನೊಂದು ಜನರಿಗೆ ಮೂರು ವಾರಕ್ಕೊಮ್ಮೆ ಆ ಮದ್ದನ್ನು ನರಕ್ಕೆ ಹನಿಸಿ, ಏನಾಗುತ್ತದೆಂದು ನೋಡುವುದು. ತಂಗಿ ಹನ್ನೊಂದನೆಯವಳಾದಳು. ಮದ್ದು ಅವಳನ್ನು ಹಿಂಡಿ ಹಿಪ್ಪೆ ಮಾಡಿತು. ವಾಂತಿಯೆಂದರೆ ಎಂಥ ವಾಂತಿ, ಗುಟುಕು ನೀರು ಕೂಡ ನಿಲ್ಲುತ್ತಿರಲಿಲ್ಲ. ಕೊನೆಗೆ ತನ್ನ ಮನೆಯಲ್ಲೇ ಇರುತ್ತೇನೆಂದು ಹಟ ಹಿಡಿದಳು. ಫೋನಕ್ಕ ಎರಡು ತಿಂಗಳು ರಜೆ ಹಾಕಿ ಜೊತೆಗೆ ಹೋದಳು. ಮದ್ದು ಶುರುವಾದ ಹದಿನಾಲ್ಕನೆಯ ತಿಂಗಳಲ್ಲಿ, ಒಂದು ಮಧ್ಯಾಹ್ನ, ಕಿಟಕಿ ತೆಗೆಯಕ್ಕ ಎಂದವಳು, ಇವಳು ಕಿಟಕಿ ತೆಗೆದು ತಿರುಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ರಜೆ ಮುಗಿಸಿ ಬರುವಷ್ಟರಲ್ಲಿ ದೊಡ್ಡ ಡಾಕ್ಟರು ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋಗಿಯಾಗಿತ್ತು. ಆ ಫೈಲು ಫೋನಕ್ಕನ ತಂಗಿಯದೆಂದು ತಿಳಿದಿದ್ದವರು ಅವರೊಬ್ಬರೇ. ಮನೆಯ ವಿಷಯವನ್ನು ಆಫೀಸಿಗೆ ತರುವ ಅಭ್ಯಾಸ ಇವಳಿಗಿರಲಿಲ್ಲ, ಯಾಕೆ ರಜೆ ಎಂದು ಯಾರೂ ಕೆದಕಲೂ ಇಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ದಿನದ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ತಂಗಿಯದಿತ್ತು. ಮೊದಲ ಮೂವರಿಗೆ ಫೋನ್ ಮಾಡಿದಳು. ನಾಲ್ಕನೆಯ ನಂಬರನ್ನೂ ಒತ್ತಿದಳು. ತಂಗಿಯ ಮೊಬೈಲು ಇವಳ ಕೈಚೀಲದಲ್ಲೇ ಇತ್ತು, ಚಾರ್ಜು ಹಾಕಿಟ್ಟೇ ಇತ್ತು. ಅದು ಚೀಲದೊಳಗೆ ಕೂಗಿ ಕೂಗಿ ಸುಮ್ಮನಾಯಿತು. ಮನೆಯವರು ಹೇಳದೆ ಸಾವು ಬರೆಯುವಂತಿಲ್ಲ. ಮನೆಯವರೆಂದು ಉಳಿದಿದ್ದವಳು ಇವಳೊಬ್ಬಳೇ, ಇವಳಿಗೆ ಬಾಯಿ ಬರಲಿಲ್ಲ. ಉತ್ತರ ಬಾರದವರಿಗೆ 'ಪತ್ತೆಯಿಲ್ಲ' ಎಂದು ಬರೆಯಬಹುದಿತ್ತು. ತಂಗಿಯನ್ನು ಕಳೆದುಹೋದವಳೆಂದು ಬರೆಯಲು ಮನಸ್ಸು ಒಪ್ಪಲಿಲ್ಲ. 'ಚೆನ್ನಾಗಿದ್ದಾರೆ' ಎಂದು ಪೆನ್ಸಿಲಿನಲ್ಲಿ ಬರೆದಳು. ನಾಳೆ ಅಳಿಸಿದರಾಯಿತು ಎಂದುಕೊಂಡಳು. ತಿಂಗಳ ಕೊನೆಗೆ ಅದರ ಮೇಲೆ ಶಾಯಿ ಬಿತ್ತು.

ಇದನ್ನು ಅಕ್ಕನ ಪ್ರೀತಿ ಎಂದು ಹೊಗಳಬೇಕಾಗಿಲ್ಲ. ಪ್ರೀತಿಯೂ ಹೌದು, ಶುದ್ಧ ಸುಳ್ಳೂ ಹೌದು, ಅದು ಅವಳಿಗೇ ಗೊತ್ತಿತ್ತು. ಆರು ತಿಂಗಳಿಗೊಮ್ಮೆ ಆ ನಂಬರು ಒತ್ತುವುದು, ಚೀಲ ಕೂಗುವುದು, ಅದೇ ಮಾತು ಬರೆಯುವುದು. ಹೀಗೆ ಐದು ಸಲ. ಬರೆದ ದಿನ ಸಂಜೆ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಿದ್ದಳು, ತಂಗಿ ನಿಜಕ್ಕೂ ಎಲ್ಲೋ ಮುದ್ರೆ ಹೊಡೆಯುತ್ತಿದ್ದಾಳೆ ಎಂಬಂತೆ.

ದೊಡ್ಡ ಡಾಕ್ಟರ ಜಾಗಕ್ಕೆ ಬಂದವರು ಒಬ್ಬ ಡಾಕ್ಟರಮ್ಮ. ಸಣ್ಣ ವಯಸ್ಸು, ಚುರುಕು, ಒಂದು ನಿಮಿಷ ಕೂತಲ್ಲಿ ಕೂರುವವರಲ್ಲ. ಹಳೆಯ ಫೈಲುಗಳನ್ನೆಲ್ಲ ತೆಗೆಸಿ ಆ ಹನ್ನೊಂದು ಜನರ ಲೆಕ್ಕವನ್ನು ಒಂದು ಗೆರೆಯಾಗಿ ಬರೆಸಿ ಗೋಡೆಗೆ ಹಾಕಿದರು. ಒಬ್ಬರು ಹೋದಾಗಲೆಲ್ಲ ಗೆರೆ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಹತ್ತು ಮೆಟ್ಟಿಲು ಇಳಿದ ಮೇಲೆ ಅದು ಇಳಿಯುವುದನ್ನು ಬಿಟ್ಟು, ಸಪಾಟಾಗಿ, ಬಲಗಡೆಗೆ ಉದ್ದಕ್ಕೂ ಹೋಗಿತ್ತು. ಉಳಿದವರೆಲ್ಲ ವರ್ಷದೊಳಗೆ ಹೋದ ಕಾಯಿಲೆಯಲ್ಲಿ ಒಬ್ಬರು ಮೂರೂವರೆ ವರ್ಷ ಬದುಕಿದ್ದಾರೆ ಎಂದರೆ ಸಣ್ಣ ಮಾತಲ್ಲ. ಇವರು ಇಲ್ಲಿಗೆ ಯಾಕೆ ಬರುವುದಿಲ್ಲ ಎಂದು ಡಾಕ್ಟರಮ್ಮ ಒಂದು ಸಲ ಕೇಳಿದರು. ತಪಾಸಣೆಯನ್ನು ಅವರ ಊರಲ್ಲೇ ಮಾಡಿಸಿಕೊಳ್ಳುತ್ತಾರೆ ಎಂದಳು ಫೋನಕ್ಕ. ಅನೇಕರು ಹಾಗೆ ಮಾಡುತ್ತಿದ್ದರು, ಡಾಕ್ಟರಮ್ಮ ನಂಬಿದರು.

ಒಂದು ಬೆಳಿಗ್ಗೆ ಅವರು ದಾಖಲೆ ಕೋಣೆಯ ಬಾಗಿಲಲ್ಲಿ ಮುಖವರಳಿಸಿಕೊಂಡು ನಿಂತರು. "ಫೋನಕ್ಕ, ಎರಡನೇ ತಂಡಕ್ಕೆ ಒಪ್ಪಿಗೆ ಸಿಕ್ತು. ನಿಮ್ಮ ಆ ಒಬ್ಬರಿಂದಲೇ ಸಿಕ್ಕಿದ್ದು. ಅವರಿಲ್ದಿದ್ರೆ ಈ ಮದ್ದನ್ನ ಮೂಲೆಗೆ ಹಾಕ್ತಿದ್ರು. ಹೇಗಿದ್ದಾರೆ ಅವರು?"

"ಚೆನ್ನಾಗಿದ್ದಾಳೆ" ಎಂದಳು ಫೋನಕ್ಕ. ಆಗ ಹೇಳಬಹುದಿತ್ತು. ಬಾಗಿಲು ಹಾಕಿ, ಕೂರಿ ಡಾಕ್ಟರೇ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಡಾಕ್ಟರಮ್ಮ ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಎರಡನೆಯ ತಂಡಕ್ಕೆ ಮೊದಲು ಸೇರಿದವರು ಒಬ್ಬ ಲೆಕ್ಕದ ಟೀಚರು. ನಲವತ್ತೆರಡು ವಯಸ್ಸು, ಸಪೂರ ಮೈ, ಬೆರಳಿನ ಸಂದಿಯಲ್ಲಿ ಇನ್ನೂ ಸೀಮೆಸುಣ್ಣ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಹದಿನೈದರ ಮಗಳೊಬ್ಬಳು. ಡಾಕ್ಟರಮ್ಮ ಅವರಿಗೆ ಎರಡೂ ದಾರಿಯನ್ನು ಬಿಡಿಸಿ ಹೇಳಿದ್ದರು. ಮದ್ದು ಬೇಡವೆಂದರೆ ಎರಡು ಮೂರು ತಿಂಗಳು ತಕ್ಕಮಟ್ಟಿಗೆ ಓಡಾಡಿಕೊಂಡಿರಬಹುದು, ನೋವಿಗೆ ಮಾತ್ರೆ ಕೊಡುತ್ತೇವೆ, ಶಾಲೆಗೂ ಹೋಗಬಹುದು. ಮದ್ದು ತೆಗೆದುಕೊಂಡರೆ ಮೊದಲ ದಿನದಿಂದಲೇ ಶಾಲೆ ಬಿಡಬೇಕು, ಮೈ ನೆಲ ಹಿಡಿಯುತ್ತದೆ. ಆದರೆ ಹನ್ನೊಂದರಲ್ಲಿ ಒಬ್ಬರು ಇನ್ನೂ ಇದ್ದಾರೆ. ಟೀಚರು ಸಹಿ ಹಾಕಿ, ಕೆಳಗಿಳಿದು ನೇರ ಫೋನಕ್ಕನ ಹತ್ತಿರ ಬಂದರು.

"ನೀವೇ ಅಲ್ವಾ ಜೊತೆಗಾರರನ್ನ ಮಾತಾಡಿಸೋರು? ಆ ಒಬ್ಬರ ಹತ್ರ ನಾನು ಮಾತಾಡ್ಬೇಕು."

ಫೋನಕ್ಕ ಮೇಜಿನ ಮೇಲಿನ ಪಟ್ಟಿಯನ್ನು ಮಡಿಸಿದಳು. "ಈಗ ಊರಲ್ಲಿಲ್ಲ ಅವರು."

"ಬರ್ಲಿ, ಆತುರ ಇಲ್ಲ" ಎಂದು ಟೀಚರು ಎದುರಿನ ಕುರ್ಚಿಯಲ್ಲಿ ಕೂತರು. "ಹನ್ನೊಂದರಲ್ಲಿ ಒಂದು ಅಂದ್ರೆ ಎಷ್ಟು ಕಮ್ಮಿ ಅಂತ ನಂಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ, ಇಪ್ಪತ್ತು ವರ್ಷದಿಂದ ಅದನ್ನೇ ಪಾಠ ಮಾಡ್ತಾ ಇದ್ದೀನಿ. ಆದ್ರೆ ಸೊನ್ನೆ ಅಲ್ವಲ್ಲ. ನನ್ನ ಮಗಳು ಈ ವರ್ಷ ನನ್ನ ಕ್ಲಾಸಲ್ಲೇ ಇದ್ದಾಳೆ ನೋಡಿ, ಎರಡನೇ ಬೆಂಚು. ಮನೇಲಿ ಅಮ್ಮ ಅನ್ನೋಳು ಶಾಲೇಲಿ ಮಿಸ್ ಅಂತಾಳೆ, ನಗು ಬರುತ್ತೆ. ಆ ಕ್ಲಾಸು ಬಿಟ್ಟು ಬರೋದು ಕಷ್ಟ ಆಯ್ತು. ಸೊನ್ನೆ ಆಗಿದ್ರೆ ಬಿಡ್ತಿರ್ಲಿಲ್ಲ."

ಇದನ್ನು ಕೇಳಿಯೂ ಫೋನಕ್ಕ ಬಾಯಿ ಬಿಡಲಿಲ್ಲ. ಅವಳ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡರೂ ಕಡಿಮೆಯೇ. ತಂಗಿಯ ಫೈಲು ಬೀರುವಿನ ಮೂರನೆಯ ಅರೆಯಲ್ಲಿತ್ತು, ಟೀಚರ ಕುರ್ಚಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ. ಅದನ್ನು ತೆಗೆದು ಆ ಸಾಲು ಬರೆದರೆ ತಂಗಿ ಇನ್ನೊಂದು ಸಲ ಸಾಯುತ್ತಾಳೆ, ಈ ಸಲ ತನ್ನ ಕೈಯಿಂದಲೇ ಸಾಯುತ್ತಾಳೆ ಎಂದು ಅವಳ ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಬದುಕಿರುವವಳು ಎದುರಿಗೆ ಕೂತಿದ್ದಾಳೆ ಎಂಬುದು ಆ ಮನಸ್ಸಿಗೆ ಹೊಳೆಯಲಿಲ್ಲ.

ಮೂರು ವಾರಕ್ಕೊಮ್ಮೆ ಟೀಚರು ಬಂದರು. ಎರಡನೆಯ ಸಲ ಬಂದಾಗ ತಲೆಗೆ ಬಟ್ಟೆ ಸುತ್ತಿದ್ದರು. "ಅವರು ಬಂದ್ರಾ?" ಎಂದು ಕೇಳಿದರು. ಗಂಟಲು ಕೆಟ್ಟಿದೆ, ಮಾತಾಡಲಾಗುತ್ತಿಲ್ಲವಂತೆ ಎಂದಳು ಫೋನಕ್ಕ. ಮೂರನೆಯ ಸಲ ಗೋಡೆ ಹಿಡಿದುಕೊಂಡು ಬಂದರು. ಮಾತಾಡುವಾಗ ಕೈಯಲ್ಲಿ ವಾಂತಿಯ ಬಟ್ಟಲಿತ್ತು. ಫೋನ್ ಕೆಟ್ಟಿದೆಯಂತೆ ಎಂದಳು. ಟೀಚರು ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, "ನೀವು ಸುಸ್ತಾಗಿದ್ದೀರಿ. ಸ್ವಲ್ಪ ಮಲಗಿ" ಎಂದು ಹೇಳಿ ಹೋದರು. ಹಾಳಾದ ಒಳ್ಳೆಯತನ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಲ್ಕನೆಯ ಸಲದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನಕ್ಕನ ಚೀಲ ಕೂಗಿತು. ಅವಳು ಯಾವ ನಂಬರನ್ನೂ ಒತ್ತಿರಲಿಲ್ಲ. ತಂಗಿಯ ಮೊಬೈಲು ತೆಗೆದು ನೋಡಿದರೆ ಮೇಲೆ ಟೀಚರ ನಂಬರು. ಟೀಚರ ಕಾಟ ತಾಳಲಾರದೆ ಡಾಕ್ಟರಮ್ಮನೇ ಫೈಲು ನೋಡಿ ನಂಬರು ಕೊಟ್ಟಿದ್ದರು. ಕೂಗಿ ನಿಂತಿತು, ಮತ್ತೆ ಕೂಗಿತು. ಕಿಟಕಿಯಾಚೆ ಅಂಗಳ, ಅಂಗಳದ ಆಚೆ ಮದ್ದು ಹನಿಸುವ ವಾರ್ಡಿನ ಗಾಜು. ಗಾಜಿನ ಹಿಂದೆ ಒರಗು ಕುರ್ಚಿಯಲ್ಲಿ ಟೀಚರು ಫೋನನ್ನು ಕಿವಿಗೊತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ನರ್ಸು ಬಾಟಲಿಯನ್ನು ಕಂಬಿಗೆ ತೂಗುಹಾಕುತ್ತಿದ್ದಳು. ಮೂರನೆಯ ಸಲ ಕೂಗಿದಾಗ ಫೋನಕ್ಕ ಎತ್ತಿದಳು.

"ಹಲೋ? ಅಬ್ಬಾ, ಕೊನೆಗೂ ಸಿಕ್ಕಿದ್ರಿ" ಎಂದಿತು ಟೀಚರ ದನಿ. "ತೊಂದ್ರೆ ಕೊಡ್ತಾ ಇದ್ದೀನೇನೋ. ನಾನು ನಿಮ್ಮ ಥರಾನೇ, ಅದೇ ಮದ್ದು. ಒಂದೇ ಒಂದು ಕೇಳ್ಬೇಕಿತ್ತು, ಅಷ್ಟೆ. ನಾಲ್ಕನೇದು ಆದ್ಮೇಲೆ ವಾಂತಿ ಕಮ್ಮಿ ಆಗುತ್ತಾ?"

ಫೋನಕ್ಕ ಏನೇನೋ ಪ್ರಶ್ನೆಗೆ ತಯಾರಾಗಿದ್ದಳು, ಇದಕ್ಕಲ್ಲ. ಆಗುತ್ತೆ ಎಂದು ತಂಗಿಯಾಗಿ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಂಗಿ ಬಟ್ಟಲಿನ ಮೇಲೆ ಬಗ್ಗಿದ್ದಾಗ ಅವಳ ಹಣೆಯನ್ನು ಹಿಡಿದುಕೊಂಡಿದ್ದ ಕೈ ಇದು. ಆ ಹಣೆಯ ಬಿಸಿ ಇನ್ನೂ ಅಂಗೈಯಲ್ಲಿತ್ತು.

"ಆಗ್ಲಿಲ್ಲಮ್ಮ" ಎಂದಳು.

"ಮತ್ತೆ ಯಾವಾಗ ನಿಂತಿತು?"

"ಅವಳು ಹೋದಾಗ."

ಆ ಕಡೆ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಟೀಚರು ನಿಧಾನವಾಗಿ, "ಫೋನಕ್ಕ?" ಎಂದರು. ದನಿ ಗುರುತು ಹತ್ತಿತ್ತು.

ಅವಳು ಅಂಗಳ ದಾಟಿ ಓಡಿದಳು. ಐವತ್ತಾರರ ಹೆಂಗಸು, ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಯಿತು. ವಾರ್ಡಿನ ಬಾಗಿಲಲ್ಲೇ "ಸೂಜಿ ಚುಚ್ಚಬೇಡ, ನಿಲ್ಲಿಸು" ಎಂದು ನರ್ಸಿಗೆ ಕೂಗಿದಳು. ನರ್ಸು ಕಕ್ಕಾಬಿಕ್ಕಿಯಾಗಿ ನಿಂತಳು. ಫೋನಕ್ಕ ಕುರ್ಚಿಯ ಪಕ್ಕ ನೆಲದ ಮೇಲೆ ಕುಕ್ಕರಿಸಿ, ಅಲ್ಲಿದ್ದ ನಾಲ್ಕೈದು ಜನರಿಗೂ ಕೇಳಿಸುವಂತೆ ಎಲ್ಲವನ್ನೂ ಹೇಳಿದಳು. ಆ ಒಬ್ಬರು ನನ್ನ ತಂಗಿ. ಹದಿನಾಲ್ಕು ತಿಂಗಳಿಗೇ ಹೋದಳು. ಚೆನ್ನಾಗಿದ್ದಾಳೆ ಅಂತ ಬರೆದವಳು ನಾನು. ಹನ್ನೊಂದರಲ್ಲಿ ಯಾರೂ ಇಲ್ಲ.

ಟೀಚರು ತಮ್ಮ ಕೈಯನ್ನು ನೋಡಿಕೊಂಡರು. ಮೂರು ಸಲ ಚುಚ್ಚಿಸಿಕೊಂಡು ಆ ಕೈ ನೀಲಿಗಟ್ಟಿತ್ತು.

"ನಾನು ಬಂದ ಮೊದಲನೇ ದಿನ ನಿಮ್ಮ ಎದುರಿಗೇ ಕೂತು ಹೇಳಿದ್ದೆ" ಎಂದರು. ದನಿ ಏರಲಿಲ್ಲ. "ಸೊನ್ನೆ ಆಗಿದ್ರೆ ಕ್ಲಾಸು ಬಿಡ್ತಿರ್ಲಿಲ್ಲ ಅಂತ. ನೀವು ಕೇಳಿಸಿಕೊಂಡ್ರಿ."

"ಕೇಳಿಸಿಕೊಂಡೆ."

"ಒಂಬತ್ತು ವಾರ ಆಯ್ತು. ವಾರಕ್ಕೆ ಆರು ಪಾಠ. ಐವತ್ತನಾಲ್ಕು ಸಲ ಅವಳನ್ನ ಎರಡನೇ ಬೆಂಚಲ್ಲಿ ನೋಡ್ತಿದ್ದೆ." ಅವರು ಲೆಕ್ಕ ಹಾಕುವಾಗ ಬೆರಳು ಗಾಳಿಯಲ್ಲಿ ಹಲಗೆಯ ಮೇಲೆ ಬರೆಯುವಂತೆ ಆಡಿತು. ಆಮೇಲೆ ಕೈ ಕೆಳಗೆ ಬಿತ್ತು. "ನಿಮ್ಮ ತಂಗಿಗೆ ಹಾಗಾಗಿದ್ದಕ್ಕೆ ನಂಗೆ ದುಃಖ ಆಗುತ್ತೆ. ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ. ಅದಕ್ಕೆ ನನ್ನ ಹತ್ರ ಟೈಮಿಲ್ಲ."

ಫೋನಕ್ಕ ತಲೆ ತಗ್ಗಿಸಿ ಕೂತಳು.

ಡಾಕ್ಟರಮ್ಮ ಅಂದು ಸಂಜೆಯೊಳಗೆ ಗೋಡೆಯ ಗೆರೆಯನ್ನು ಕೊನೆಯ ಮೆಟ್ಟಿಲಿಗೂ ಇಳಿಸಿದರು. ತಂಗಿಯ ಸಾವಿನ ತಾರೀಖನ್ನು ಫೋನಕ್ಕನೇ ಬರೆದಳು, ಡಾಕ್ಟರಮ್ಮ ಪಕ್ಕದಲ್ಲಿ ನಿಂತು ನೋಡಿದರು. ಎರಡನೆಯ ತಂಡಕ್ಕೆ ಸೇರಲು ಇನ್ನೂ ಇಬ್ಬರು ಸಹಿ ಹಾಕಿ ಕಾಯುತ್ತಿದ್ದರು, ಅವರಿಗೆ ಆ ಮದ್ದು ತಪ್ಪಿತು. ಈ ಮದ್ದಿನಿಂದ ಉಪಯೋಗವಿಲ್ಲ ಎಂದು ಬೇರೆ ಆಸ್ಪತ್ರೆಗಳಿಗೂ ಬರೆದು ತಿಳಿಸಿದರು. ಫೋನಕ್ಕ ಕೆಲಸ ಬಿಡುವ ಕಾಗದ ಕೊಟ್ಟಳು. ಡಾಕ್ಟರಮ್ಮ ಅದನ್ನು ಹರಿದು ಬುಟ್ಟಿಗೆ ಹಾಕಿ, "ನಿಮ್ಮ ಮೇಲೆ ನಂಗಿರೋ ಕೋಪ ಇನ್ನೊಂದು ಜನ್ಮಕ್ಕೂ ಉಳಿಯುತ್ತೆ" ಎಂದರು. "ಆದ್ರೆ ನಾನೂ ಒಂದು ಸಲ ಅವರನ್ನ ಕರೆಸಿ ಕಣ್ಣಾರೆ ನೋಡ್ಬೇಕಿತ್ತು. ನೋಡ್ಲಿಲ್ಲ. ಆ ಒಬ್ಬರು ನಂಗೂ ಬೇಕಾಗಿದ್ರು. ಕೂತು ಕೆಲಸ ಮಾಡಿ." ಮನೆಯವರ ಫೈಲಿಗೆ ಮನೆಯವರೇ ಫೋನ್ ಮಾಡಕೂಡದು, ಪ್ರಯೋಗದಲ್ಲಿ ಬದುಕುಳಿದವರನ್ನು ವರ್ಷಕ್ಕೊಮ್ಮೆಯಾದರೂ ಡಾಕ್ಟರು ಮುಖತಃ ನೋಡಬೇಕು ಎಂದು ಹೊಸ ನಿಯಮವಾಯಿತು. ಒಳ್ಳೆಯ ನಿಯಮವೇ. ಅದಕ್ಕೆ ತೆತ್ತದ್ದು ಯಾರೆಂದು ಆ ಕಾಗದದಲ್ಲಿ ಬರೆದಿರಲಿಲ್ಲ.

ಟೀಚರು ಮತ್ತೆ ಆಸ್ಪತ್ರೆಗೆ ಬರಲಿಲ್ಲ. ನೋವಿನ ಮದ್ದು ಹಿಡಿದು ನರ್ಸು ಮನೆಗೇ ಹೋಗುತ್ತಿದ್ದಳು. ಹೇಗಿದ್ದಾರೆ ಎಂದು ಅವಳನ್ನು ಕೇಳುವ ಧೈರ್ಯ ಫೋನಕ್ಕನಿಗೆ ಬರಲಿಲ್ಲ.

ಆರು ತಿಂಗಳಿಗೆ ಟೀಚರ ಹೆಸರು ಪಟ್ಟಿಗೆ ಬಂತು. ಬೇರೆ ಯಾರಾದರೂ ಮಾಡಲಿ ಎಂದರು ಡಾಕ್ಟರಮ್ಮ. ಬೇಡ, ನಾನೇ ಮಾಡುತ್ತೇನೆ ಎಂದಳು. ಹತ್ತೂವರೆಗೆ ನಂಬರು ಒತ್ತಿದಳು. ಎತ್ತಿದ್ದು ಮಗಳು.

"ಆಸ್ಪತ್ರೆಯಿಂದ ಮಾತಾಡ್ತಾ ಇದ್ದೀನಮ್ಮ. ಮನೇಲಿ ಎಲ್ಲರೂ ಹೇಗಿದ್ದೀರಿ?"

ಹುಡುಗಿ ಉಸಿರು ಎಳೆದುಕೊಳ್ಳಲಿಲ್ಲ. "ಮನೇಲಿ ಎಲ್ಲರೂ ಅಂದ್ರೆ ನಾನು, ನನ್ನ ನೋಡಿಕೊಳ್ಳೋಕೆ ಬಂದಿರೋ ಚಿಕ್ಕಮ್ಮ" ಎಂದಳು. "ಅಮ್ಮ ಹೋಗಿ ಏಳು ವಾರ ಆಯ್ತು. ನೀವು ಫೋನಕ್ಕ ಅಲ್ವಾ? ನೀವು ಫೋನ್ ಮಾಡ್ತೀರಿ ಅಂತ ಅಮ್ಮ ಹೇಳಿದ್ರು."

"ಹೌದಮ್ಮ, ನಾನೇ."

"ಕೊನೇಲಿ ಎರಡು ದಿನ ಶಾಲೆಗೆ ಬಂದಿದ್ರು. ಬೋರ್ಡ್ ಹತ್ರ ನಿಲ್ಲೋಕಾಗ್ಲಿಲ್ಲ. ಕುರ್ಚಿ ಹಾಕಿಕೊಟ್ವಿ. ಒಂದು ಲೆಕ್ಕ ಅರ್ಧ ಮಾಡಿ, ಉಳಿದಿದ್ದು ನೀವೇ ಮಾಡಿ ಮಕ್ಕಳೇ ಅಂದ್ರು. ಮೂರನೇ ದಿನ ಏಳೋಕೇ ಆಗ್ಲಿಲ್ಲ."

ಇಪ್ಪತ್ತಾರು ವರ್ಷ ಬೇರೆಯವರನ್ನು ಅಳಲು ಬಿಟ್ಟವಳು ಈಗ ಬಾಯಿಗೆ ಸೆರಗು ಒತ್ತಿಕೊಂಡಳು. ಈ ಹುಡುಗಿಯ ಮುಂದೆ ಅಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಆ ದಿನಗಳು ನನ್ನಿಂದ ಹೋದ್ವಮ್ಮ" ಎಂದಳು. "ಅದನ್ನ ನಾನು ವಾಪಸ್ ಕೊಡೋಕಾಗಲ್ಲ."

"ಗೊತ್ತು" ಎಂದಳು ಹುಡುಗಿ. "ಅಮ್ಮಂದು ಈಗಲೇ ಬರೀತೀರಾ?" ಎಂದು ಕೇಳಿದಳು.

"ಈಗಲೇ ಬರೀತೀನಿ."

"ಬರೀರಿ. ನೀವು ಬರೆಯೋವರೆಗೂ ಫೋನ್ ಇಡಬೇಡ ಅಂತ ಅಮ್ಮ ಹೇಳಿದ್ದಾರೆ."

ಫೋನಕ್ಕ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಫೈಲು ತೆರೆದಳು. ತಾರೀಖು ಕೇಳಿದಳು, ಹುಡುಗಿ ಹೇಳಿದಳು. ಎಲ್ಲಿ ಎಂದು ಕೇಳಿದಳು, ಮನೆಯಲ್ಲಿ ಎಂದಳು. ನೋವಿತ್ತಾ ಎಂದು ಕೇಳಿದಳು, ನರ್ಸ್ ಬರ್ತಾ ಇದ್ರು, ಅಷ್ಟೊಂದು ಇರ್ಲಿಲ್ಲ ಎಂದಳು. ಕೇಳಿದ್ದನ್ನೆಲ್ಲ ಶಾಯಿಯಲ್ಲೇ ಬರೆದಳು.

"ಬರೆದ್ರಾ?"

"ಬರೆದೆ ಕಂದ."

"ಓದಿ ಹೇಳಿ."

ಫೋನಕ್ಕ ಫೈಲನ್ನು ಕಿಟಕಿಯ ಬೆಳಕಿಗೆ ಹಿಡಿದು, ತಾರೀಖಿನಿಂದ ಕೊನೆಯ ಮಾತಿನವರೆಗೂ, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದಳು. ಹುಡುಗಿ ಪೂರ್ತಿ ಕೇಳಿ ಫೋನ್ ಇಟ್ಟಳು.